ಬಾಯಿ ಬಿಡದ ವಿಲ್ಫ್ ಆರ್ಮರಾಡ್

ಕ್ಲೆಮ್ ಟ್ಯಾಟರ್ಸಾಲ್ ನಮ್ಮ ಕಿಟಕಿಯ ಗಾಜನ್ನು ನಾಣ್ಯದಿಂದ ತಟ್ಟಿದ ಕೊನೆಯ ದಿನ ಗುರುವಾರ. ಹೊರಗೆ ಇಬ್ಬನಿ. ನಾನು ಹಂದಿಮಾಂಸದ ಬೇಕನ್ ಹುರಿಯುತ್ತಿದ್ದೆ. ನನ್ನ ಗಂಡ ವಿಲ್ಫ್ ಬೂಟಿನ ದಾರ ಕಟ್ಟುತ್ತಿದ್ದ.

"ಏಳೋ ಸೋಮಾರಿ, ಹೆಣಗಳೆಲ್ಲ ನಿನಗೋಸ್ಕರ ಕಾಯ್ತಾ ಕೂತಿವೆ," ಎಂದು ಕ್ಲೆಮ್ ಬೀದಿಯಿಂದಲೇ ಕೂಗಿದ.

"ಕೂತಿರ್ತಾವೇನೋ ದಡ್ಡ? ಮಲಗಿರ್ತಾವೆ," ಎಂದ ವಿಲ್ಫ್.

ಇಬ್ಬರೂ ಊರ ಆಸ್ಪತ್ರೆಯಲ್ಲಿ ಪೋರ್ಟರುಗಳು. ರೋಗಿಗಳನ್ನು ಗಾಡಿಯ ಮೇಲೆ ಮಲಗಿಸಿ ವಾರ್ಡಿನಿಂದ ಆಪರೇಷನ್ನಿಗೆ, ಆಪರೇಷನ್ನಿಂದ ವಾರ್ಡಿಗೆ ತಳ್ಳುವುದು, ಸತ್ತವರನ್ನು ನೆಲಮಾಳಿಗೆಯ ಶವಾಗಾರಕ್ಕೆ ಇಳಿಸುವುದು ಅವರ ಕೆಲಸ. ಕ್ಲೆಮ್ ನಮ್ಮ ಬೀದಿಯ ಮೇಲಿನ ತುದಿಯಲ್ಲಿದ್ದ. ದಿನವೂ ಇಳಿದು ಬಂದು ಗಾಜು ತಟ್ಟಿ, ಇವನನ್ನು ಕರೆದುಕೊಂಡು ಹೋಗುತ್ತಿದ್ದ. ನಾನು ಅವನಿಗೂ ಒಂದು ಬನ್ನಿನಲ್ಲಿ ಬೇಕನ್ ಇಟ್ಟು ಕಿಟಕಿಯಿಂದ ಕೊಡುತ್ತಿದ್ದೆ.

"ಹಿಲ್ಡಾ, ಇವನು ಸತ್ರೆ ನನ್ನೇ ಕಟ್ಕೋ. ಈ ಬೇಕನ್‌ಗೋಸ್ಕರ ಆದ್ರೂ," ಎಂದ ಆ ಗುರುವಾರ.

"ದಿನಾ ಬೆಳಿಗ್ಗೆ ನಿನ್ನ ಮುಖ ನೋಡೋದಕ್ಕಿಂತ ನಾನೂ ಅವನ ಜೊತೆ ಹೋಗ್ತೀನಿ ಬಿಡು," ಎಂದೆ.

ಮೂವರೂ ನಕ್ಕೆವು. ಅವರಿಬ್ಬರೂ ಬಾಯಿ ತುಂಬ ತಿನ್ನುತ್ತ ಇಳಿಜಾರಿನಲ್ಲಿ ಹೋದರು.

ವಿಲ್ಫ್ ಈ ಊರಿನಲ್ಲೇ ಹುಟ್ಟಿದವನು. ಅಪ್ಪ ಇರಲಿಲ್ಲ, ಅಮ್ಮ ಹತ್ತಿ ಗಿರಣಿಯಲ್ಲಿ ನೂಲುತ್ತಿದ್ದಳು. ಇವನೂ ಅಲ್ಲೇ ಸೇರಿದ. ಗಿರಣಿ ಮುಚ್ಚಿತು. ನಮ್ಮ ಲ್ಯಾಂಕಶೈರ್ ಸೀಮೆಯಲ್ಲಿ ಆಗ ದಿನಕ್ಕೊಂದು ಮುಚ್ಚುತ್ತಿತ್ತು. ಆಸ್ಪತ್ರೆಯಲ್ಲಿ ಗಾಡಿ ತಳ್ಳುವ ಕೆಲಸ ಸಿಕ್ಕಿತು, ಹೋದ, ಅಲ್ಲೇ ಉಳಿದ. ನಾನು ಅಲ್ಲಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದೆ. ಅಲ್ಲೇ ಅವನನ್ನು ಕಂಡದ್ದು. ನಮಗೆ ಮಕ್ಕಳಾಗಲಿಲ್ಲ.

ಕೆಲಸದಲ್ಲಿ ಅವನದು ಒಂದು ರೀತಿ ಇತ್ತು. ಹೆದರಿದ ರೋಗಿಯಿದ್ದರೆ ಗಾಡಿಯನ್ನು ಹಿಂದಿನಿಂದ ತಳ್ಳುತ್ತಿರಲಿಲ್ಲ. ಮುಂದೆ ನಿಂತು ಎಳೆದುಕೊಂಡು ತಾನು ಹಿಮ್ಮುಖ ನಡೆಯುತ್ತಿದ್ದ. ಮಲಗಿದವರಿಗೆ ಚಾವಣಿಯ ದೀಪಗಳ ಬದಲು ಒಂದು ಮುಖ ಕಾಣಲಿ ಎಂದು. ಎಷ್ಟು ಬಾರಿ ಗೋಡೆಗೆ ಬೆನ್ನು ಬಡಿಸಿಕೊಂಡು ಬಂದಿದ್ದಾನೋ. ನಾನೇ ಮುಲಾಮು ಹಚ್ಚುತ್ತಿದ್ದೆ.

ಇನ್ನೊಂದು ವಿಷಯ. ಯಾರು ಸತ್ತರು, ಯಾರನ್ನು ಕೆಳಗೆ ಇಳಿಸಿದೆ ಎಂದು ಮನೆಯಲ್ಲಿ ಒಮ್ಮೆಯೂ ಹೇಳಲಿಲ್ಲ. ಎಲ್ಲ ಪೋರ್ಟರುಗಳಿಗೂ ಅದೇ ನಿಯಮ, ಆದರೆ ಉಳಿದವರು ಎರಡು ಗ್ಲಾಸ್ ಬಿಯರ್ ಆದ ಮೇಲೆ ಹೇಳಿಬಿಡುತ್ತಿದ್ದರು. ನನ್ನ ಸ್ವಂತ ಚಿಕ್ಕಮ್ಮ ತೀರಿಕೊಂಡ ದಿನ ಅವಳನ್ನು ತಾನೇ ಇಳಿಸಿ ಬಂದು, ಸುಮ್ಮನೆ ಕೂತು ಊಟ ಮಾಡಿದ. ಸುದ್ದಿ ಅವಳ ಮಗಳಿಂದ ಬರಬೇಕು, ತನ್ನಿಂದ ಅಲ್ಲ ಎಂದು. ಅವತ್ತು ತಟ್ಟೆ ಎತ್ತಿ ಅವನ ತಲೆಗೆ ಹಾಕಬೇಕು ಅನ್ನಿಸಿತ್ತು.

ಅವನನ್ನು ಆರಿಸಿದ್ದೂ ಇದಕ್ಕೇ.

ನಮ್ಮ ಆಸ್ಪತ್ರೆಗೆ, ಆಡಳಿತದವರ ಮೇಲೆ ಕಣ್ಣಿಡಲು, ಗವರ್ನರುಗಳ ಸಭೆ ಎಂದು ಒಂದಿತ್ತು. ಅದರಲ್ಲಿ ಊರಿನ ಜನ ಆರಿಸಿದವರು ಕೆಲವರು, ನೌಕರರು ಆರಿಸಿದವರು ಕೆಲವರು. ಡಾಕ್ಟರರಿಗೆ ಒಂದು ಕುರ್ಚಿ, ನರ್ಸುಗಳಿಗೆ ಒಂದು. ತಳ್ಳುವವರು, ಒರೆಸುವವರು, ಬೇಯಿಸುವವರು, ಒಗೆಯುವವರು, ಇವರಿಗೆಲ್ಲ ಸೇರಿ ಒಂದು. ಆ ಕುರ್ಚಿಗೆ ಯಾರನ್ನು ನಿಲ್ಲಿಸುವುದು ಎಂದಾಗ ಕ್ಲೆಮ್ ನಮ್ಮ ಅಡುಗೆಮನೆಗೇ ಬಂದ.

"ನೀನೇ ನಿಲ್ಲೋ. ನಾನು ನಿಂತ್ರೆ ಮೊದಲ ದಿನಾನೇ ಜಗಳ ಆಡಿ ಎದ್ದು ಬರ್ತೀನಿ. ನಿನ್ನ ಬಾಯಿಂದ ಏನೂ ಹೊರಗೆ ಬರಲ್ಲ ಅಂತ ಮೇಲಿನವರಿಗೂ ಗೊತ್ತು. ನಿನ್ನೆದುರು ಮಾತಾಡ್ತಾರೆ."

"ನಾನು ಅಲ್ಲಿ ಏನು ಮಾಡ್ಲಿ?"

"ಕೂತ್ಕೋ. ಕೇಳಿಸ್ಕೋ. ನಮ್ಮ ತಲೆ ಮೇಲೆ ಚಪ್ಪಡಿ ಎಳೆಯೋಕೆ ಬಂದ್ರೆ ಬೇಡ ಅನ್ನು."

ವಿಲ್ಫ್ ನಿಂತ, ಗೆದ್ದ. ನಾನು ಅವನಿಗೆ ಹೊಸ ಟೈ ಕೊಂಡೆ.

ಸಭೆ ಎರಡು ಭಾಗ. ಮೊದಲನೆಯದಕ್ಕೆ ಊರಿನವರು ಯಾರು ಬೇಕಾದರೂ ಬಂದು ಕೂರಬಹುದು. ಆಮೇಲೆ ಅವರನ್ನು ಹೊರಗೆ ಕಳಿಸಿ ಬಾಗಿಲು ಹಾಕುತ್ತಾರೆ. ಬಾಗಿಲು ಹಾಕಿದ ಮೇಲೆ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ. ಹಾಗೆಂದು ಎಲ್ಲರೂ ಮಾತು ಕೊಟ್ಟಿರಬೇಕು. ವಿಲ್ಫ್ ಕೊಟ್ಟಿದ್ದ. ಆ ಚಳಿಗಾಲದ ಶುರುವಿನಲ್ಲಿ ಒಂದು ಸಭೆಯಿಂದ ಬಂದವನು ಕೋಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತ.

"ಏನಾಯ್ತು?" ಎಂದೆ.

"ಏನಿಲ್ಲ ಹುಡುಗೀ. ಕಾಲು ನೋವು."

ನಾನು ಮತ್ತೆ ಕೇಳಲಿಲ್ಲ. ಅವನನ್ನು ಕೇಳಿ ಪ್ರಯೋಜನವಿಲ್ಲ ಎಂದು ಕಲಿತು ಬಹಳ ಕಾಲವಾಗಿತ್ತು.

ಬಾಗಿಲ ಹಿಂದೆ ನಡೆದದ್ದನ್ನು ಅವನು ನನಗೆ ಹೇಳಿದ್ದು ಊರಿಗೆಲ್ಲ ಗೊತ್ತಾದ ಮೇಲೆ. ಪೋರ್ಟರುಗಳನ್ನೂ ಒರೆಸುವವರನ್ನೂ ಆಸ್ಪತ್ರೆಯಿಂದ ಬಿಡಿಸಿ, ಹೊಸದಾಗಿ ತೆರೆಯುವ ಒಂದು ಕಂಪನಿಗೆ ದಾಟಿಸುವುದೆಂದು ತೀರ್ಮಾನ. ಮುಂದೆ ಸೇರುವವರಿಗೆ ರಜೆಯೂ ಕಡಿಮೆ, ಪಿಂಚಣಿಯೂ ಕಡಿಮೆ. ವಿಲ್ಫ್ ಎದ್ದು ನಿಂತು, ಇದು ಅನ್ಯಾಯ, ನನ್ನನ್ನು ಕಳಿಸಿದವರಿಗೆ ನಾನು ಏನು ಹೇಳಲಿ ಎಂದನಂತೆ. ಸಭೆಯ ಅಧ್ಯಕ್ಷೆ ತುಂಬ ಮೃದುವಾಗಿ ಮಾತಾಡುವವಳು, ಅವಳು ಹೇಳಿದಳಂತೆ:

"ಮಿಸ್ಟರ್ ಆರ್ಮರಾಡ್, ನೀವು ಕಾರ್ಮಿಕ ಸಂಘದ ಮುಖಂಡರಲ್ಲ. ನಾವು ನಿರ್ಧಾರವನ್ನ ಸರಿಯಾದ ಕ್ರಮದಲ್ಲಿ ತಗೊಂಡಿದ್ದೀವಾ ಅಂತ ನೋಡೋದಷ್ಟೇ ನಿಮ್ಮ ಕೆಲಸ. ಕೊನೇ ಮಾತು ಆಗೋಕೆ ಮುಂಚೆ ನೌಕರರನ್ನ ಕರೆದು ಕೇಳ್ತೀವಿ. ಅಲ್ಲಿವರೆಗೆ ನಿಮ್ಮನ್ನ ನಂಬಿದ್ದೀವಿ."

ಇವನು ನಂಬಿದ. ಕರೆದು ಕೇಳುತ್ತಾರೆ, ಆಗ ಎಲ್ಲರೂ ಒಟ್ಟಿಗೆ ನಿಲ್ಲಬಹುದು ಎಂದುಕೊಂಡ. ಅವರು ಕರೆಯಲಿಲ್ಲ. ಆ ಗುರುವಾರ ಮಧ್ಯಾಹ್ನ ಪೋರ್ಟರುಗಳ ಕೋಣೆಗೆ ಒಬ್ಬ ಮ್ಯಾನೇಜರ್ ಬಂದು, ಆಗಿಹೋಗಿದೆ ಎಂದು ಹೇಳಿ ಹೋದ. ಹೋಗುವಾಗ, "ನಿಮ್ಮ ಗವರ್ನರಿಗೆ ಚಳಿಗಾಲದ ಶುರುವಿನಿಂದಲೇ ಗೊತ್ತು," ಎಂದೂ ಹೇಳಿದ. ಅವನು ಅದನ್ನು ಹೇಳಬೇಕಿರಲಿಲ್ಲ. ಆದರೂ ಹೇಳಿದ.

ಸಂಜೆ ಕ್ಲೆಮ್ ನಮ್ಮ ಬಾಗಿಲಿಗೆ ಬಂದ. ಗಾಜು ತಟ್ಟಲಿಲ್ಲ, ಬಾಗಿಲು ಗುದ್ದಿದ.

"ನಿಂಗೆ ಗೊತ್ತಿತ್ತೇನೋ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ನಾನು ಹಿಂದೆ ನಿಂತು ಮನಸ್ಸಿನಲ್ಲೇ ಅಂದುಕೊಂಡೆ.

"ಗೊತ್ತಿತ್ತು," ಎಂದ ವಿಲ್ಫ್.

"ದಿನಾ ನನ್ನ ಪಕ್ಕ ನಡ್ಕೊಂಡು ಬರ್ತಿದ್ದೆ. ಹಿಲ್ಡಾ ಕೊಟ್ಟ ಬನ್ನು ತಿನ್ಕೊಂಡು. ಹೊಟ್ಟೇಲಿ ಇದನ್ನ ಇಟ್ಕೊಂಡು."

"ಮಾತು ಕೊಟ್ಟಿದ್ದೆ ಕ್ಲೆಮ್."

"ಯಾರಿಗೆ? ಆ ಅಧ್ಯಕ್ಷೆಗಾ? ನಮಗೆ ಏನು ಕೊಟ್ಟಿದ್ದೆ?"

ಕ್ಲೆಮ್ ಹೋದ. ಅವನು ವಿಲ್ಫ್‌ನ ಜೊತೆ ಆಡಿದ ಕೊನೆಯ ಮಾತು ಅದು.

ನಮ್ಮ ಕಡೆ ತಪ್ಪು ಮಾಡಿದ ಕೆಲಸಗಾರನಿಗೆ ಯಾರೂ ಹೊಡೆಯುವುದಿಲ್ಲ. ಮಾತು ಬಿಡುತ್ತಾರೆ. ಗಣಿಯಲ್ಲೂ ಗಿರಣಿಯಲ್ಲೂ ಇದೇ ಪದ್ಧತಿ. ಇನ್ನು ಇವನಿಗೆ ಟೀ ಇಲ್ಲ ಎಂದು ಅವನ ಲೋಟವನ್ನು ಕಪಾಟಿನಲ್ಲಿ ಬೋರಲು ಹಾಕುತ್ತಾರೆ. ಅವನು ಇದ್ದರೂ ಇಲ್ಲದ ಹಾಗೆ. ಮುಷ್ಕರ ಮುರಿದ ಒಬ್ಬನಿಗೆ ನನ್ನ ಅಪ್ಪನೂ ಹೀಗೆ ಮಾಡಿದ್ದ. ಆ ಮನುಷ್ಯ ಹೆಂಡತಿ ಮಕ್ಕಳನ್ನು ಕರೆದುಕೊಂಡು ಊರು ಬಿಟ್ಟ. ಅಪ್ಪ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದ, ನಾವೂ ಹೆಮ್ಮೆಯಿಂದ ಕೇಳುತ್ತಿದ್ದೆವು.

ಮರುದಿನದಿಂದ ಕ್ಲೆಮ್ ಬೀದಿಯ ಆಚೆ ಬದಿಯಲ್ಲಿ ಇಳಿದು ಹೋದ. ವಿಲ್ಫ್ ಈಚೆ ಬದಿಯಲ್ಲಿ ಒಬ್ಬನೇ ಹೋದ. ಕೋಣೆಯಲ್ಲಿ ಅವನೆದುರೇ ಅವನ ಬಗ್ಗೆ ಮಾತಾಡುತ್ತಿದ್ದರು. ಗವರ್ನರಿಗೆ ಬಿಸಿಲು ಬೇಕಂತೆ, ಗವರ್ನರಿಗೆ ಬೆನ್ನು ನೋವಂತೆ, ಹೀಗೆ. ಅವನೊಡನೆ ಮಾತ್ರ ಒಂದು ಅಕ್ಷರವಿಲ್ಲ. ಭಾರದ ರೋಗಿಯನ್ನು ಎತ್ತುವಾಗ ಒಂದು ಎರಡು ಮೂರು ಎಂದು ಯಾರಾದರೂ ಎಣಿಸಬೇಕು. ಇವನ ಜೊತೆ ಎತ್ತುವವರು ಎಣಿಸುವುದನ್ನೂ ಬಿಟ್ಟರು. ಇವನು ಅವರ ಕೈ ನೋಡಿಕೊಂಡು ಎತ್ತುತ್ತಿದ್ದ.

"ಬಿಟ್ಟುಬಿಡು ಆ ಕುರ್ಚಿ," ಎಂದೆ.

"ಬಿಟ್ರೆ ಅಲ್ಲಿ ನಮ್ಮವರು ಅಂತ ಯಾರೂ ಇರಲ್ಲ."

"ಯಾರು ನಿಮ್ಮವರು?"

ಅವನು ನಕ್ಕ. "ಮಾತಾಡ್ತಾರೆ ಬಿಡು. ಕ್ಲೆಮ್‌ಗೆ ಬಾಯಿ ಮುಚ್ಕೊಂಡಿರೋಕೆ ಎಲ್ಲಿ ಬರುತ್ತೆ?"

ಅದೊಂದೇ ಅವನಿಗೆ ಬೇಕಿದ್ದದ್ದು. ಬೆಳಿಗ್ಗೆ ಬೂಟು ಕಟ್ಟಿಕೊಂಡು ಕಿಟಕಿಯ ಕಡೆ ಕಿವಿ ಕೊಟ್ಟು ಕೂರುತ್ತಿದ್ದ. ಆಮೇಲೆ ಎದ್ದು ಹೋಗುತ್ತಿದ್ದ. ವಸಂತ ಬಂತು. ಕ್ಲೆಮ್ ಬಾಯಿ ಮುಚ್ಚಿಕೊಂಡೇ ಇದ್ದ.

ವಿಲ್ಫ್ ಸತ್ತ ಬಗೆಯನ್ನು ನನಗೆ ಹೇಳಿದ್ದು ಬೆರಿಲ್, ಆಸ್ಪತ್ರೆಯಲ್ಲಿ ನೆಲ ಒರೆಸುವವಳು. ನನ್ನ ಅಡುಗೆಮನೆಯಲ್ಲಿ ಕೂತು, ಟೀ ಮುಟ್ಟದೆ ಹೇಳಿದಳು.

ಬೆಳಿಗ್ಗೆ ಎರಡು ಮೂರು ಗಾಡಿ ತಳ್ಳಿ ಬಂದು, ಕೋಣೆಯ ಮೂಲೆಯಲ್ಲಿ ತನ್ನ ಕುರ್ಚಿಯಲ್ಲಿ ಗೋಡೆಗೆ ತಲೆ ಒರಗಿಸಿ ಕೂತನಂತೆ. ಎದೆ ನೀವಿಕೊಳ್ಳುತ್ತಿದ್ದನಂತೆ. ಯಾರೂ ಏನು ಎಂದು ಕೇಳಲಿಲ್ಲ. ಜನ ಬಂದರು, ಟೀ ಕುಡಿದರು, ಹೋದರು. ಗಾಡಿ ಬೇಕೆಂದು ಫೋನು ಬಂದಾಗ ಇವನ ಸರದಿಯನ್ನು ಬೇರೆಯವರು ಎತ್ತಿಕೊಂಡರು, ಅವನನ್ನು ಎಬ್ಬಿಸುವುದೆಂದರೆ ಮಾತಾಡಬೇಕಲ್ಲ. ಕ್ಲೆಮ್ ಬಂದು ನೋಡಿ, "ಗವರ್ನರು ಗೋಡೆ ಜೊತೆ ಸಭೆ ನಡೆಸ್ತಿದ್ದಾರೆ, ಬಾಗಿಲು ಹಾಕ್ರಪ್ಪ," ಎಂದನಂತೆ. ನಕ್ಕರಂತೆ.

"ನೀನೂ ನಕ್ಕೆಯಾ?" ಎಂದೆ.

"ನಾನು ಆಮೇಲೆ ಬಂದೆ ಹಿಲ್ಡಾ," ಎಂದಳು ಬೆರಿಲ್. "ನೆಲ ಒರೆಸ್ತಾ ಅವನ ಹತ್ರ ಬಂದೆ. ನಾನೂ ಮಾತು ಬಿಟ್ಟಿದ್ದೆ, ಸುಳ್ಳು ಹೇಳಲ್ಲ. ಆದ್ರೆ ಕಾಲು ಅಡ್ಡ ಇತ್ತು. ಕಾಲೆತ್ತು ವಿಲ್ಫ್, ಅಂದೆ. ಎತ್ತಲಿಲ್ಲ. ಇನ್ನೊಂದ್ಸಲ ಅಂದೆ."

ಅಷ್ಟು ದಿನಗಳಲ್ಲಿ ಆ ಕೋಣೆಯಲ್ಲಿ ಅವನಿಗೆ ಯಾರಾದರೂ ಆಡಿದ ಮಾತು ಅದೊಂದೇ. ಅದೂ ಅವನಿಗೆ ಕೇಳಿಸಲಿಲ್ಲ.

ಆ ಕೋಣೆಯಿಂದ ತುರ್ತು ಚಿಕಿತ್ಸೆಯ ಬಾಗಿಲು ಕಾಣುತ್ತದೆ. ಬೇಗ ಕರೆತಂದಿದ್ದರೆ ಉಳಿಸಲು ನೋಡಬಹುದಿತ್ತು ಎಂದ ಡಾಕ್ಟರ್. ಚಿಕ್ಕ ವಯಸ್ಸಿನವನು, ಹೇಳಬಾರದಿತ್ತೆಂದು ಆಮೇಲೆ ಹೊಳೆದು ಕೆಂಪಾದ. ವಿಲ್ಫ್‌ನನ್ನು ಕೆಳಗೆ ಶವಾಗಾರಕ್ಕೆ ಇಳಿಸಿದ್ದು ಕ್ಲೆಮ್.

ಅಂತ್ಯಕ್ರಿಯೆಗೆ ಅಧ್ಯಕ್ಷೆ ಬಂದಳು. ನನ್ನ ಕೈ ಹಿಡಿದು, "ನಿಮ್ಮ ಯಜಮಾನರು ತುಂಬ ನಂಬಿಕಸ್ತರು. ಮುಂದಿನ ಸಭೆಯಲ್ಲಿ ಅವರಿಗಾಗಿ ಒಂದು ನಿಮಿಷ ಮೌನ ಆಚರಿಸ್ತೀವಿ," ಎಂದಳು.

"ಅದು ಅವನಿಗೆ ಅಭ್ಯಾಸ ಇದೆ," ಎಂದೆ.

ಅದರ ಹಿಂದಿನ ದಿನ ಕ್ಲೆಮ್ ಬಂದಿದ್ದ. ಟೋಪಿ ಕೈಯಲ್ಲಿ. "ನಾವು ಹೊರ್ತೀವಿ ಹಿಲ್ಡಾ. ಪೋರ್ಟರುಗಳೇ. ಬಾಡಿಗೆಯವರು ಬೇಡ. ಅವನು ನಮ್ಮವನು."

ನಾನು ಅವನ ಹಿಂದಿನ ಬೀದಿದೀಪವನ್ನು ನೋಡಿದೆ. ಹಾಗೇ ಬಾಗಿಲು ಹಾಕಿದೆ. ಶವಪೆಟ್ಟಿಗೆಯನ್ನು ಬಾಡಿಗೆಯವರೇ ಹೊತ್ತರು. ಪೋರ್ಟರುಗಳು ಗೇಟಿನ ಹೊರಗೆ ಸಾಲಾಗಿ ನಿಂತಿದ್ದರು. ಅವರ ಮುಂದೆಯೇ ಕಾರು ನಿಧಾನವಾಗಿ ಹೋಗಲಿ ಎಂದು ಡ್ರೈವರಿಗೆ ನಾನೇ ಹೇಳಿದ್ದೆ.

ಕುರ್ಚಿ ಖಾಲಿಯಾಯಿತಲ್ಲ, ಮತ್ತೆ ಆರಿಸಿದರು. ಬೇರೆ ಯಾರೂ ಮುಂದೆ ಬರಲಿಲ್ಲ, ಕ್ಲೆಮ್ ನಿಂತ. ಈಗ ಅವನು ಗವರ್ನರ್. ಅವನೂ ಮಾತು ಕೊಟ್ಟಿದ್ದಾನೆ. ಬಾಗಿಲು ಹಾಕಿದ ಮೇಲೆ ಅವನೂ ಒಳಗೆ ಕೂರುತ್ತಾನೆ. ಹೋದ ಸಭೆಯ ನಂತರ ಪೋರ್ಟರು ಹುಡುಗರು ಒಳಗೆ ಏನಾಯಿತೆಂದು ಕೇಳಿದರೆ ಕಾಲು ನೋವು ಎಂದನಂತೆ. ಬೆರಿಲ್ ಹೇಳಿದಳು. ಅವನ ಲೋಟ ಇನ್ನೂ ನೆಟ್ಟಗಿದೆ, ಆದರೆ ಹುಡುಗರು ಅದನ್ನು ನೋಡಲು ಶುರುಮಾಡಿದ್ದಾರಂತೆ.

ನಾನು ಬೆಳಿಗ್ಗೆ ಬೇಗ ಏಳುತ್ತೇನೆ. ಬಕೆಟ್ಟು, ಬ್ರಷ್ಷು ತಂದು ಬಾಗಿಲಿನ ಮೆಟ್ಟಿಲು ಉಜ್ಜುತ್ತೇನೆ. ಈ ಬೀದಿಯಲ್ಲಿ ಅದನ್ನು ಇನ್ನೂ ಮಾಡುವವಳು ನಾನೊಬ್ಬಳೇ. ಕ್ಲೆಮ್ ಈಗ ನಮ್ಮ ಬದಿಯಲ್ಲೇ ಇಳಿದು ಬರುತ್ತಾನೆ. ಬೂಟಿನ ಸದ್ದು ಕೇಳಿದ ಮೇಲೆಯೇ ನಾನು ಹೊರಗೆ ಬರುವುದು.

"ಗುಡ್ ಮಾರ್ನಿಂಗ್, ಹಿಲ್ಡಾ," ಎನ್ನುತ್ತಾನೆ.

ನಾನು ಉಜ್ಜುತ್ತೇನೆ.

ಮೊನ್ನೆ ನಿಂತೇಬಿಟ್ಟ. "ಒಂದು ಮಾತು ಆಡು ಮಾರಾಯ್ತಿ. ಬೈಯಿ. ಬೇಕಾದ್ರೆ ಆ ನೀರು ನನ್ನ ಮೇಲೆ ಸುರಿ," ಎಂದ. ನಾನು ಬ್ರಷ್ಷನ್ನು ಮತ್ತೆ ನೀರಿಗೆ ಅದ್ದಿದೆ. ಎಷ್ಟೋ ಹೊತ್ತು ಹಾಗೇ ನಿಂತಿದ್ದ. ಕೆಲಸಕ್ಕೆ ತಡವಾಯಿತು, ಹೋದ.

ಅವನು ಹೋದ ಮೇಲೆ, ಅವನು ನಿಂತ ಜಾಗವನ್ನೂ ಉಜ್ಜಿದೆ.