ಬಲಮೂಲೆಯ ಭಾವ

ನಮ್ಮ ಬೀದಿಯ ಕೊನೆಗೆ ಪಟಗಳಿಗೆ ಚೌಕಟ್ಟು ಹಾಕುವ ಮೊಳೆಮಾವನ ಅಂಗಡಿ. ತುಟಿಯಲ್ಲಿ ಸದಾ ಮೊಳೆ ಕಚ್ಚಿಕೊಂಡಿರುತ್ತಿದ್ದುದರಿಂದ ಆ ಹೆಸರು. ಒಮ್ಮೆ ಸೀನಿದ ರಭಸಕ್ಕೆ ಎದುರು ಗೋಡೆಯ ಮೇಲೆ ಕ್ಯಾಲೆಂಡರ್ ತಾನಾಗಿ ಜಡಿದುಕೊಂಡಿತೆಂದರೆ ಯಾರೂ ನಂಬುವುದಿಲ್ಲ. ಕ್ಯಾಲೆಂಡರ್ ಇನ್ನೂ ಅಲ್ಲೇ ಇದೆ.

ಮಾವನ ಹರೆಯದಲ್ಲಿ ಒಬ್ಬ ಬಡಕಲು ಚಿತ್ರಗಾರ ಕಡಲಂಚಿನ ನಮ್ಮ ಊರಿಗೆ ಬಂದು, ತೆಳ್ಳನೆಯ ಹಲಗೆಯ ಮೇಲೆ ಊರನ್ನು ಬರೆದ. ಹೆಂಚಿನ ಮಾಡುಗಳು, ಎಡಕ್ಕೆ ದೀಪಸ್ತಂಭ, ಬಲಮೂಲೆಯ ಮರಳಲ್ಲಿ ದೋಣಿಗೆ ತೇಪೆ ಹಾಕುತ್ತ ಕೂತ ಒಬ್ಬ. ಆ ಒಬ್ಬ ಮಾವನ ಅಕ್ಕನ ಗಂಡ. ಹಲಗೆ ಚೌಕಟ್ಟಿಗೆಂದು ಮಾವನ ಕೈಗೇ ಬಂತು. ಹರಟೆಯ ನಡುವೆ ಕಟ್ಟಿಗೆ ಕೊಯ್ದು ಚೌಕಟ್ಟು ನಾಲ್ಕು ಬೆರಳು ಗಿಡ್ಡವಾಯಿತು. ಬೇರೆ ಮಾಡಲು ಸೋಮಾರಿತನ. ಮಾವ ಚಿತ್ರವನ್ನೇ ಗರಗಸಕ್ಕೆ ಕೊಟ್ಟ.

"ದೀಪಸ್ತಂಭ ಕೊಯ್ದರೆ ಊರಿಗೆಲ್ಲ ಗೊತ್ತಾಗುತ್ತೆ," ಎಂದು ಎಷ್ಟೋ ಕಾಲದ ಮೇಲೆ ನನ್ನ ಹತ್ತಿರ ಹೇಳಿಕೊಂಡ. "ಭಾವ ಆದ್ರೆ ಮನೆಯವರು. ಏನೂ ಅಂದ್ಕೊಳ್ಳಲ್ಲ ಅಂತ."

ಚಿತ್ರಗಾರನಿಗೆ ರೈಲು ಹಿಡಿಯುವ ಅವಸರ. ಸುತ್ತಿದ ಕಾಗದ ಬಿಚ್ಚಲೇ ಇಲ್ಲ. ಮುಂದೆ ಅವನ ಹೆಸರು ಎಷ್ಟು ಬೆಳೆಯಿತೆಂದರೆ, ಅವನು ಕುಂಚ ಒರೆಸಿದ ಚಿಂದಿಗೂ ಜನ ಗಾಜಿನ ಪೆಟ್ಟಿಗೆ ಮಾಡಿಸಿದರು. ಭಾವ ಕಡಲಿಗೆ ಹೋದವರು ತಿರುಗಿ ಬರಲಿಲ್ಲ. ಫೋಟೋ ಎಂದರೆ ಓಡಿಹೋಗುತ್ತಿದ್ದ ಮನುಷ್ಯ. ಮನೆಯಲ್ಲಿ ಅವರದೊಂದು ಪಟವಿಲ್ಲ.

ಇತ್ತೀಚೆಗೆ ಆ ಚಿತ್ರ ನಮ್ಮ ಪುರಭವನಕ್ಕೆ ಪ್ರದರ್ಶನಕ್ಕೆ ಬಂತು. ಅಕ್ಕ ಅಂಗಡಿಯೆದುರು ಬಂದು ನಿಂತಳು.

"ಏಳೋ. ನಿಮ್ಮ ಭಾವ ಬಂದಿದ್ದಾರಂತೆ. ಬಲಮೂಲೇಲಿ ನಾನಿದ್ದೀನಿ ಕಣೇ ಅಂತ ಹೇಳಿ ಹೇಳಿ ನನ್ನ ತಲೆ ತಿಂದಿದ್ರು. ನೋಡಿ ಬರೋಣ."

"ಮಂಡಿನೋವಲ್ಲಿ ಯಾಕಕ್ಕ? ಅಲ್ಲಿ ಮೆಟ್ಟಿಲು ಜಾಸ್ತಿ."

"ಮಂಡಿ ನಂದು. ನೀನ್ಯಾಕೆ ಕುಂಟ್ತೀಯ?"

"ನಾಳೆ ಹೋಗೋಣ," ಎಂದು ಸಾಗಹಾಕಿದ. ಅವಳು ಹೋದ ಮೇಲೆ ಅಂಟಿನ ಡಬ್ಬಿಯಿಂದ ಕೋಲನ್ನೆತ್ತಿ ನನಗೆ ತೋರಿಸಿದ. ಕೊಯ್ದ ಪಟ್ಟಿಯನ್ನು ಆಗಿನಿಂದಲೂ ಅಂಟು ಕಲಕುವ ಕೋಲು ಮಾಡಿಕೊಂಡಿದ್ದ. ಹಿಡಿದದ್ದು ಆಕಾಶ, ಅದ್ದಿದ್ದು ಭಾವನನ್ನು. ಅಂಟು ಮೆತ್ತಿ ಮೆತ್ತಿ ಅದು ಆನೆಯ ಕಾಲಿನಷ್ಟು ದಪ್ಪವಾಗಿತ್ತು. ಬಿಸಿನೀರಲ್ಲಿ ನೆನೆಹಾಕಿದೆವು; ವಾಸನೆಗೆ ಬೀದಿಯ ಬೆಕ್ಕುಗಳು ಊರು ಬಿಟ್ಟವು. ಅಂಟು ಕಳಚಿತು, ಜೊತೆಗೆ ಮುಖವನ್ನೂ ಎತ್ತಿಕೊಂಡು ಹೋಯಿತು. ಭಾವನಲ್ಲಿ ಉಳಿದದ್ದು ಮೊಣಕಾಲಿಂದ ಕೆಳಗೆ.

ಮಾವ ಮೊಳೆಗಳನ್ನು ಮೇಜಿನ ಮೇಲೆ ಉಗುಳಿ, ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕನ ಮನೆಗೆ ಹೊರಟ. ಒಬ್ಬನೇ ಹೋಗಲು ಧೈರ್ಯವಿಲ್ಲದೆ ನನ್ನನ್ನೂ ಎಳೆದುಕೊಂಡು ಹೋದ. ಎಲ್ಲ ಹೇಳಿದ. ಅಕ್ಕ ಪಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗಿನಿಂದ ಮೆಲ್ಲಗೆ ಒರೆಸಿದಳು.

"ಕಾಲು ಅವರದೇ," ಎಂದಳು. "ಹೆಬ್ಬೆರಳು ನೋಡು, ಜಗಳ ಆಡಿದೋರ ಹಾಗೆ ಆಕಡೆ ತಿರುಗಿದೆ."

"ಬೈದುಬಿಡಕ್ಕ."

"ಬೈದ್ರೆ ನಿನಗೆ ಹಗುರ ಆಗುತ್ತೆ. ಚೌಕಟ್ಟು ಹಾಕಿಕೊಡು. ಈ ಸಲ ಅಳತೆ ಸರಿಯಾಗಿ ತಗೋ."

ಮಾವ ಅಳೆದ, ಮತ್ತೆ ಅಳೆದ. ಇಂಚುಪಟ್ಟಿ ಸವೆದು ಅಂಕಿಗಳೇ ಅಳಿಸಿಹೋದವು. ಅಕ್ಕ ಅದನ್ನು ಬಾಗಿಲ ಪಕ್ಕ, ಚಪ್ಪಲಿ ಬಿಡುವಲ್ಲಿ, ನೆಲಕ್ಕೆ ತಾಗುವಂತೆ ಹಾಕಿಸಿದಳು. ಕಾಲಿರಬೇಕಾದ್ದು ಅಲ್ಲೇ ಎಂದಳು.

ಈಗಲೂ ಮಾವ ಅಲ್ಲಿಗೆ ಹೋದಾಗ ಚಪ್ಪಲಿ ಕಳಚಲು ಬಗ್ಗುತ್ತಾನೆ. ಏಳುವುದು ಮಾತ್ರ ತಡ.