ಕ್ವಾರಿಯ ಕವಲಿನಲ್ಲಿ ಕಟ್ಟಿದ್ದ ಪಟ್ಟಿಗಳು

ಸತ್ತವರು ಕಂಡರು, ಸತ್ತವರು ಕೂಗಿದರು ಎಂದು ಯಾರಾದರೂ ಮಾತು ತೆಗೆದರೆ ನಾನು ಬೀಡಿ ಹಚ್ಚುವ ನೆಪ ಮಾಡಿ ಎದ್ದು ಹೋಗುತ್ತಿದ್ದೆ. ಹೇಳುವವರ ಎದುರಿಗೇ ನಕ್ಕಿದ್ದೂ ಉಂಟು. ನಾನು ಹತ್ತನೇ ಕ್ಲಾಸು ಓದಿ, ಆಮೇಲೆ ಬದುಕೆಲ್ಲ ಕತ್ತರಿ, ಮಷೀನಿನ ಮುಂದೆ ಕಳೆದವನು. ಅಳತೆಗೆ ಸಿಗದ್ದನ್ನು ನಂಬುವ ಅಭ್ಯಾಸ ನನಗಿರಲಿಲ್ಲ. ಈಗ ನಂಬುತ್ತೇನೆ ಎಂದು ಹೇಳುವುದಕ್ಕೂ ಇದನ್ನು ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಚಳಿಗಾಲದ ಬೆಳಿಗ್ಗೆ ನಡೆದದ್ದನ್ನು ಹೇಳಬೇಕಾದರೆ ನಾನು ಮಾಡಿದ ತಪ್ಪನ್ನು ಮೊದಲು ಹೇಳಬೇಕು. ಅದನ್ನು ಮುಚ್ಚಿಟ್ಟು ಉಳಿದದ್ದನ್ನು ಹೇಳಿದರೆ ಕೇಳುವವರಿಗೆ ಸೊಗಸಾದ ಕಥೆಯಾಗುತ್ತದೆ. ನನಗೆ ಅದು ಕಥೆಯಲ್ಲ.

ನಾನು ವಯಸ್ಸಿನಲ್ಲಿದ್ದಾಗ ರಾಯದುರ್ಗದ ಒಂದು ಪ್ಯಾಂಟ್ ಹೊಲಿಯುವ ಯೂನಿಟ್ಟಿನಲ್ಲಿದ್ದೆ. ಆಮೇಲೆ ಹೆಂಡತಿಯ ಊರಾದ ಮಡಕಶಿರಾಕ್ಕೆ ಬಂದು ಸ್ವಂತ ಅಂಗಡಿ ಇಟ್ಟೆ. ಸಂತೆಯಿಂದ ಸಂತೆಗೆ ಸೈಕಲ್ಲಿನ ಹಿಂದೆ ಶರ್ಟಿನ ಗಂಟು ಕಟ್ಟಿಕೊಂಡು ತಿರುಗಿದ್ದರಿಂದ ಈ ಕಡೆಯ ಗುಡ್ಡಗಳ ಸಂದಿಯ ದಾರಿಗಳೆಲ್ಲ ನನಗೆ ಗೊತ್ತಿದ್ದವು. ಅದು ರಾಯದುರ್ಗದಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಬಸಣ್ಣನಿಗೂ ಗೊತ್ತಿತ್ತು. ಅವನು ಬಳ್ಳಾರಿ ಕಡೆಯ ಕೆಲವರನ್ನು ಸೇರಿಸಿಕೊಂಡು ರಜೆ ಸಿಕ್ಕಾಗಲೆಲ್ಲ ಹಳೆಯ ಕೋಟೆಗಳನ್ನು ನೋಡುತ್ತಾ ಸೈಕಲ್ ಸವಾರಿ ಹೊರಡುತ್ತಿದ್ದ. ಅವರ ಸೈಕಲ್ಲುಗಳಿಗೆ ದಪ್ಪ ಟೈರು, ಬಾಗಿದ ಹ್ಯಾಂಡಲು. ಗ್ರಾವೆಲ್ ಬೈಕು ಅಂತಾರೆ. ಡಾಂಬರು ರಸ್ತೆ ಕಂಡರೆ ಅವರಿಗೆ ಆಗುವುದಿಲ್ಲ; ಗರಸು, ಕಲ್ಲು, ಬಂಡಿ ಜಾಡು ಇದ್ದರೆ ಖುಷಿ.

ಆ ಸಲ ರಾಯದುರ್ಗದ ಕೋಟೆ ನೋಡಿಕೊಂಡು, ಮಡಕಶಿರಾದಲ್ಲಿ ತಂಗಿ, ಮರುದಿನ ಗುಡ್ಡದ ದಾರಿಯಲ್ಲೇ ರತ್ನಗಿರಿ ಕೋಟೆಗೆ ಹೋಗುವುದೆಂದು ಗೊತ್ತು ಮಾಡಿದ್ದರು. ದಾರಿಗೆ ಗುರುತು ಕಟ್ಟುವ ಕೆಲಸವನ್ನು ಬಸಣ್ಣ ನನಗೆ ವಹಿಸಿದ. ಜೀನ್ಸ್ ಬಟ್ಟೆ ಕತ್ತರಿಸಿದಾಗ ಉಳಿಯುವ ಉದ್ದನೆಯ ಅಂಚುಪಟ್ಟಿಗಳು ಅಂಗಡಿಯಲ್ಲಿ ರಾಶಿ ಬಿದ್ದಿರುತ್ತವಲ್ಲ, ಅವನ್ನು ತಿರುವಿನ ಗಿಡಗಳಿಗೆ ಕಟ್ಟುತ್ತಾ ಹೋಗಬೇಕು. ಯಾವ ಪಕ್ಕಕ್ಕೆ ಪಟ್ಟಿ ಇದೆಯೋ ಆ ಪಕ್ಕಕ್ಕೆ ತಿರುಗುವುದು. ಪಟ್ಟಿ ಇಲ್ಲದಿದ್ದರೆ ನೇರ. ಕೊನೆಯಲ್ಲಿ ಬರುವವರು ಎಲ್ಲವನ್ನೂ ಬಿಚ್ಚಿಕೊಂಡು ಬರುವುದು.

"ಫೋನಿನ ಮ್ಯಾಪು ಗುಡ್ಡದ ಹಿಂದ ಕೈ ಕೊಡ್ತೈತ್ರಿ ಕಾಕಾ. ನಿಮ್ಮ ಪಟ್ಟೀನ ನಮಗ ಮ್ಯಾಪು" ಎಂದಿದ್ದ ಬಸಣ್ಣ.

ಹಿಂದಿನ ದಿನ ನಾನು ಚೀಲದ ತುಂಬ ಪಟ್ಟಿ ತುಂಬಿಕೊಂಡು ನನ್ನ ಹಳೆಯ ಸೈಕಲ್ಲಿನಲ್ಲಿ ಹೊರಟೆ. ಅರ್ಧಕ್ಕಿಂತ ಹೆಚ್ಚು ದಾರಿ ಶ್ರದ್ಧೆಯಿಂದಲೇ ಕಟ್ಟಿದೆ. ಮಧ್ಯಾಹ್ನ ಒಂದು ಹಳ್ಳಿಯಲ್ಲಿ ಹಳೆಯ ಗಿರಾಕಿಯೊಬ್ಬ ಹಿಡಿದುಕೊಂಡ. ಮನೆಯಲ್ಲಿ ಕೋಳಿ ಕೊಯ್ದಿದ್ದರು. ಬಿಸಿ ಮುದ್ದೆ ಉಂಡು ಜಗಲಿಯ ಮೇಲೆ ಒಂದು ಗಳಿಗೆ ಒರಗೋಣ ಎಂದವನು ಎದ್ದಾಗ ಹೊತ್ತು ಇಳಿದಿತ್ತು. ಆ ಹಳ್ಳಿ ದಾಟಿದ ಮೇಲೆ ಗುಡ್ಡದ ಬುಡದಲ್ಲಿ ದಾರಿ ಕವಲಾಗುತ್ತದೆ. ಎಡಕ್ಕೆ ತಿರುಗಿದರೆ ಪಾಳು ಮಂಟಪದ ಪಕ್ಕದಲ್ಲಿ ಕುರಿ ಜಾಡು ಹಿಡಿದು ರತ್ನಗಿರಿಗೆ ಹೋಗಬಹುದು. ನೇರ ಹೋದರೆ ಇಳಿಜಾರು, ಅದರ ಕೊನೆಗೆ ಬಿಟ್ಟುಹೋದ ಕಲ್ಲು ಕ್ವಾರಿ. ಬೇಲಿ ಇಲ್ಲ, ಕಟ್ಟೆ ಇಲ್ಲ, ಕೆಳಗೆ ಆಳದ ನೀರು. ನಾನು ಅಲ್ಲಿಯವರೆಗೆ ಹೋಗಲೇ ಇಲ್ಲ. ನಾಳೆ ಬೆಳಕು ಹರಿಯುವ ಮುಂಚೆ ಬಂದು ಕಟ್ಟಿದರಾಯಿತು ಎಂದು ಸೈಕಲ್ಲು ತಿರುಗಿಸಿದೆ.

ಮನೆಗೆ ಬಂದಾಗ ನನ್ನ ಹೆಂಡತಿ ಗಂಗಮ್ಮ ಚೀಲ ನೋಡಿದಳು. "ಎಲ್ಲಾ ಕಟ್ಬಿಟ್ಟು ಬಂದ್ರಾ? ಚೀಲ ಇನ್ನೂ ಬಸುರಿ ಹೊಟ್ಟೆ ಇದ್ದಂಗೈತೆ" ಎಂದಳು.

"ಜಾಸ್ತಿ ತಗೊಂಡೋಗಿದ್ದೆ ಕಣೇ" ಎಂದೆ. ಬಸಣ್ಣನಿಗೂ ಫೋನಿನಲ್ಲಿ ಕೋಟೆ ಬಾಗಿಲವರೆಗೂ ಕಟ್ಟಿದ್ದೇನೆ ಎಂದೇ ಹೇಳಿದೆ.

ಬೆಳಿಗ್ಗೆ ನನಗೆ ಎಚ್ಚರವಾಗಲಿಲ್ಲ. ಮಡಕಶಿರಾ ಬೆಟ್ಟದ ಬುಡಕ್ಕೆ ಓಡಿ ಹೋಗುವಷ್ಟರಲ್ಲಿ ಸವಾರರು ಹೊರಡಲು ನಿಂತಿದ್ದರು. ಎಂಥ ಮಂಜು ಎಂದರೆ ಬೆಟ್ಟವೂ ಕಾಣದು, ಮೇಲಿನ ಕೋಟೆಯೂ ಕಾಣದು. ಬಸಣ್ಣ ಎಲ್ಲರಿಗೂ ಇನ್ನೊಮ್ಮೆ ಹೇಳಿದ: "ಪಟ್ಟಿ ಕಂಡ್ರ ತಿರುಗ್ರಿ, ಕಾಣಲಿಲ್ಲ ಅಂದ್ರ ನೇರ ಹೋಗ್ರಿ. ಕಾಕಾ ಕಟ್ಯಾರಂದ್ರ ಚಿಂತಿಲ್ಲ." ಮುಂದೆ ನಿಂತಿದ್ದವರು ಸುಧಾ ಎಂಬ ಟೀಚರು. ಗುಂಪಿನಲ್ಲಿ ಎಲ್ಲರಿಗಿಂತ ಜೋರಾಗಿ ತುಳಿಯುವವರು ಅವರೇ ಅಂತೆ. "ನಿಮ್ಮ ಮ್ಯಾಲ ಭಾರ ಹಾಕೀನ್ರಿ ಕಾಕಾ. ಉಪ್ಪಿಟ್ಟು ಆರೋದ್ರಾಗ ಬರ್ತೀನಿ" ಎಂದು ನಕ್ಕರು.

ನಾನು ಕೈಯಲ್ಲಿ ಟೀ ಲೋಟ ಹಿಡಿದು ನಿಂತಿದ್ದೆ. ಒಂದು ಮಾತು ಸಾಕಿತ್ತು. ಕವಲಿನಲ್ಲಿ ಕಟ್ಟಿಲ್ಲ, ಅಲ್ಲಿ ಎಡಕ್ಕೆ ಹೋಗಿ ಎಂದರೆ ಮುಗಿಯುತ್ತಿತ್ತು. ಬಸಣ್ಣ ಎರಡು ಮಾತು ಬೈಯುತ್ತಿದ್ದ, ಅಷ್ಟೇ. ಆದರೆ ಅಷ್ಟು ಜನರೆದುರು ಹಿಂದಿನ ದಿನದ ಸುಳ್ಳನ್ನು ಹೇಗೆ ಒಪ್ಪಿಕೊಳ್ಳಲಿ ಎಂದು ನಾಚಿಕೆಯಾಯಿತು. ಅಷ್ಟು ಹೊತ್ತಿಗೆ ಮಂಜು ಹರಿದಿರುತ್ತದೆ, ಕಣ್ಣಿದ್ದವರಿಗೆ ಕ್ವಾರಿ ಕಾಣದೆ ಇರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಅವರು ಹೊರಟರು. ಮಂಜಿನೊಳಗೆ ಕೆಂಪು ದೀಪಗಳು ಒಂದೊಂದಾಗಿ ಮುಳುಗಿದವು. ಈ ಬರಹದಲ್ಲಿ ನಾನು ಒಪ್ಪಿಕೊಳ್ಳಬೇಕಾದ ಪಾಪ ಹಿಂದಿನ ದಿನದ ನಿದ್ದೆಯಲ್ಲ, ಆ ಟೀ ಲೋಟ ಹಿಡಿದು ಸುಮ್ಮನಿದ್ದದ್ದು.

ತಿಂಡಿಯ ಪಾತ್ರೆಗಳನ್ನು ಲಗೇಜ್ ಆಟೋದಲ್ಲಿ ಹಾಕಿಕೊಂಡು ನಾನು ಡಾಂಬರು ರಸ್ತೆಯಲ್ಲಿ ರತ್ನಗಿರಿಗೆ ಹೋದೆ. ದಾರಿಯುದ್ದಕ್ಕೂ ಬಸಣ್ಣನಿಗೆ ಫೋನು ಮಾಡಿದೆ. ಸಿಗ್ನಲ್ ಇಲ್ಲ. ಮಂಜು ಹರಿಯಲಿಲ್ಲ, ಇನ್ನೂ ದಟ್ಟವಾಯಿತು. ಕೋಟೆಯ ಬಾಗಿಲ ಹತ್ತಿರ ಪಾತ್ರೆ ಇಳಿಸಿ ನಿಂತೆ. ಅಲ್ಲಿ ಎಮ್ಮೆ ಹೊಡೆದುಕೊಂಡು ಬಂದ ಒಬ್ಬ ಅಜ್ಜಿ, "ಯಾಕಪ್ಪಾ, ಹೆರಿಗೆ ಕೋಣೆ ಮುಂದೆ ತಿರುಗ್ದಂಗೆ ತಿರುಗ್ತಿದೀಯ?" ಎಂದಳು. ನೇರ ದಾರಿ, ಇಳಿಜಾರು, ಜೋರಾಗಿ ತುಳಿಯುವ ಹೆಣ್ಣುಮಗಳು. ನನ್ನ ಕಣ್ಣ ಮುಂದೆ ಆ ನೀರು ಬಿಟ್ಟು ಬೇರೇನೂ ಇರಲಿಲ್ಲ.

ಆಮೇಲೆ ಗರಸಿನ ಮೇಲೆ ಟೈರಿನ ಸದ್ದು ಬಂತು. ಸುಧಾ ಟೀಚರೇ ಮೊದಲು ಬಂದರು. ಮೈಯೆಲ್ಲ ಕೆಂಪು ಮಣ್ಣು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಂದರು. ಸುಧಾ ಸೈಕಲ್ಲನ್ನು ಗೋಡೆಗೆ ಒರಗಿಸಿ ನೆಟ್ಟಗೆ ನನ್ನ ಹತ್ತಿರ ಬಂದರು.

"ಕಾಕಾ, ಆ ಕ್ವಾರಿ ಕವಲಿನಾಗ ನೀವು ಬರೇ ಒಂದ ಪಟ್ಟಿ ಕಟ್ಟಿದ್ದಿದ್ರ ನಾನು ಇವತ್ತು ಇರ್ತಿದ್ದಿಲ್ರಿ. ಒಂದು ಕಾಣಲಿಲ್ಲ ಅಂದ್ರೂ ಇನ್ನೊಂದು ಕಾಣ್ಲಿ ಅಂತ ಸಾಲಾಗಿ ಕಟ್ಟೀರಿ ನೋಡ್ರಿ. ಮೊದಲಿಂದು ಕಾಣದ ನೇರ ಹೊಂಟಾಕಿ, ಮುಂದಿಂದು ಕಂಡು ಗಕ್ಕನ ಬ್ರೇಕ್ ಹಿಡಿದು ಬಿದ್ದೆ. ಎದ್ದು ನೋಡಿದ್ರ ಮುಂದ ಕಲ್ಲು ಉರುಳಿ ನೀರಿಗೆ ಬಿದ್ದ ಸಪ್ಪಳ."

ಬಸಣ್ಣ ಕೊನೆಗೆ ಬಂದ. ಬಿಚ್ಚಿಕೊಂಡು ಬಂದ ಪಟ್ಟಿಗಳ ಚೀಲವನ್ನು ನನ್ನ ಮುಂದೆ ಇಟ್ಟು, ಯಾರದೋ ಶಾಲು ಇಸಿದುಕೊಂಡು ನನಗೆ ಹೊದಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವರು ಕೋಟೆ ಹತ್ತಿದ ಮೇಲೆ ನಾನು ಚೀಲದೊಳಗೆ ಕೈ ಹಾಕಿದೆ. ನಾನು ಕಟ್ಟಿದ್ದ ಪಟ್ಟಿಗಳಲ್ಲಿ ಗಂಟಿನ ಸುಕ್ಕು ಇತ್ತು. ಉಳಿದವು ಅದೇ ನೀಲಿ ಜೀನ್ಸು, ಆದರೆ ಅವುಗಳಲ್ಲಿ ಗಂಟಿನ ಗುರುತೇ ಇಲ್ಲ. ಒಂದು ತುದಿಯಲ್ಲಿ ಕತ್ತರಿಯಿಂದ ಸಣ್ಣ ಸೀಳು. ಇನ್ನೊಂದು ತುದಿಯನ್ನು ಅದರೊಳಗೆ ತೂರಿಸಿ ಎಳೆದು ಬಿಗಿ ಮಾಡಿದ್ದು.

ಹಾಗೆ ಕಟ್ಟುತ್ತಿದ್ದ ಒಬ್ಬನನ್ನೇ ನಾನು ಬದುಕಿನಲ್ಲಿ ನೋಡಿದ್ದು. ರಾಯದುರ್ಗದ ಯೂನಿಟ್ಟಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹೊನ್ನೂರಪ್ಪ. ಕತ್ತರಿಸಿದ ತುಂಡುಗಳನ್ನು ಸೈಜಿನ ಪ್ರಕಾರ ಜೋಡಿಸಿ ಅಂಚುಪಟ್ಟಿಯಿಂದ ಕಟ್ಟುಕಟ್ಟುವುದು ನಮ್ಮಿಬ್ಬರ ಕೆಲಸ. ಅವನ ಎಡಗೈಯ ಬೆರಳುಗಳು ಚಿಕ್ಕಂದಿನಿಂದ ಮಡಚಿಕೊಂಡಿದ್ದವು, ಗಂಟು ಹಾಕಲು ಬರುತ್ತಿರಲಿಲ್ಲ. ಅದಕ್ಕೆ ಈ ಸೀಳಿನ ಉಪಾಯ. ನಾನು ಸಿನಿಮಾಕ್ಕೆ ಓಡುವ ಸಂಜೆಗಳಲ್ಲಿ ಕಟ್ಟದೆ ಬಿಟ್ಟುಹೋದ ತುಂಡುಗಳು ಮರುದಿನ ಬೆಳಿಗ್ಗೆ ಸೀಳಿನ ಪಟ್ಟಿಯಲ್ಲಿ ಕಟ್ಟಿಸಿಕೊಂಡು ಸಾಲಾಗಿ ಕೂತಿರುತ್ತಿದ್ದವು. ಅವನು ಒಂದು ದಿನವೂ ಅದರ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಈ ಸವಾರಿಗೆ ಎಷ್ಟೋ ವರ್ಷ ಮುಂಚೆಯೇ ಅವನು ತೀರಿಕೊಂಡಿದ್ದ. ಮಣ್ಣಿಗೆ ನಾನೇ ಹೋಗಿ ಬಂದಿದ್ದೆ.

ಮನೆಗೆ ಬಂದು ನೋಡಿದರೆ ಕಟ್ಟದೆ ಉಳಿದ ಪಟ್ಟಿಗಳ ನನ್ನ ಚೀಲ ಮೂಲೆಯಲ್ಲಿ ಹಾಗೇ ಇತ್ತು, ಒಂದು ಪಟ್ಟಿಯೂ ಕಡಿಮೆಯಾದಂತೆ ಕಾಣಲಿಲ್ಲ. ಆ ಹಳ್ಳಿಗೆ ಹೋಗಿ ವಿಚಾರಿಸಿದೆ. ಕುರಿಯವರು ಯಾರನ್ನೂ ನೋಡಿರಲಿಲ್ಲ. "ನಿನ್ನ ಪಟ್ಟಿ ಕಟ್ಟೋಕೆ ನಮ್ಗೇನು ಬೇರೆ ಗೇಯ್ಮೆ ಇಲ್ವಾ ಟೈಲರಪ್ಪಾ?" ಎಂದು ನಕ್ಕರು. ರಾಯದುರ್ಗಕ್ಕೂ ಹೋಗಿ ಹಳಬರನ್ನು ಕೇಳಿದೆ. ಸೀಳಿನ ಕಟ್ಟು ಹೊನ್ನೂರಪ್ಪನ ಜೊತೆಗೇ ಹೋಯಿತು ಎಂದರು. ಯಾರಾದರೂ ಕಟ್ಟಿರಲೇಬೇಕು, ಬಟ್ಟೆ ತಾನಾಗಿ ಗಿಡಕ್ಕೆ ಸುತ್ತಿಕೊಳ್ಳುವುದಿಲ್ಲ. ಇಷ್ಟರ ಮೇಲೆ ನನ್ನ ಬುದ್ಧಿ ಓಡಲಿಲ್ಲ.

ಯಾರಿಗೂ ನಿಜ ಹೇಳಲಿಲ್ಲ. ಪ್ರತಿ ಯುಗಾದಿಗೂ ಸುಧಾ ಟೀಚರು ಫೋನು ಮಾಡುತ್ತಿದ್ದರು. ನಾನು ಹೂಂ ಎನ್ನುತ್ತಿದ್ದೆ. ಹೋದ ವರ್ಷ ಅವರು ಮಗಳನ್ನು ಕರೆದುಕೊಂಡು ಮನೆಗೇ ಬಂದರು. ಗಂಗಮ್ಮ ಚಾಪೆ ಹಾಸಿದಳು. "ನಿಮ್ಮವ್ವನ್ನ ಉಳಿಸಿದ ಅಜ್ಜ ಇವರ ನೋಡು, ಕಾಲಿಗೆ ಬೀಳು" ಎಂದರು ಟೀಚರು. ಹುಡುಗಿ ಬಗ್ಗಿದಳು. ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

ಅಲ್ಲೇ ಎಲ್ಲವನ್ನೂ ಹೇಳಿದೆ. ಮುದ್ದೆ ಉಂಡದ್ದು, ಮಲಗಿದ್ದು, ಸುಳ್ಳು ಹೇಳಿದ್ದು, ಅವರು ನಕ್ಕು ಹೊರಟಾಗ ಬಾಯಿ ಬಿಡದೆ ನಿಂತದ್ದು. ಕ್ವಾರಿಯ ಕವಲಿನಲ್ಲಿ ನಾನು ಒಂದು ಪಟ್ಟಿಯನ್ನೂ ಕಟ್ಟಿರಲಿಲ್ಲ ಎಂದೂ ಹೇಳಿದೆ. ಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಟೀಚರ ಮುಖ ಬಿಳುಚಿತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಮಗಳ ತಲೆಯ ಮೇಲೆ ಕೈ ಇಟ್ಟು, ಮೆಲ್ಲಗೆ ಕೇಳಿದರು:

"ಹಂಗಾರ ನನ್ನ ಮಗಳು ಯಾರ ಕಾಲಿಗೆ ಬೀಳ್ಬೇಕ್ರಿ ಕಾಕಾ?"

ಹೊನ್ನೂರಪ್ಪನ ಹೆಸರು ನನ್ನ ತುಟಿಯವರೆಗೆ ಬಂತು. ಹೇಳಲಿಲ್ಲ. ಆ ತಾಯಿ ಮಗಳಿಗೆ ನಾನು ಆಗಲೇ ಒಂದು ಸುಳ್ಳು ಹೇಳಿದ್ದೆ. ಇದು ನಿಜವೋ ಅಲ್ಲವೋ ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ.