ಸೊನ್ನೆಗೆ ಮರಳಿದ ಅಂಕಿ

ಹಳೆಯ ಪಂಚಾಂಗಗಳ ಕಟ್ಟನ್ನು ಬಿಚ್ಚಿದಾಗ ಕರ್ಪೂರದ ವಾಸನೆಯೊಡನೆ ಒಂದು ಕಪ್ಪು ಫ್ಲಾಪಿ ಜಾರಿಬಿತ್ತು. ಚೀಟಿಯ ಮೇಲೆ, ನಡುವೆ ಚುಕ್ಕೆಯಿಟ್ಟು ಬರೆದ ಮೂರು ಅಂಕಿಗಳು... ಮದರಾಸಿನ ಟ್ರಿಪ್ಲಿಕೇನ್‌ನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ರಾಯರ ಕೈಬರಹ.

ಮೈಸೂರು ಕಡೆಯವರು. ಹಗಲೆಲ್ಲ ತಾಂಬರಂ ಬಳಿಯ ಕಚೇರಿಯಲ್ಲಿ ದುಡಿದು, ಸಂಜೆ ಸಂಧ್ಯಾವಂದನೆ ಮುಗಿಸಿ, ಕಂಪ್ಯೂಟರಿನಲ್ಲಿ ಪಂಚಾಂಗದ ಪ್ರೋಗ್ರಾಂ ಬರೆಯುತ್ತಿದ್ದರು. ಆವೃತ್ತಿಗಳನ್ನು ಗುರುತಿಸಲು ಅವರದೇ ಒಂದು ಕ್ರಮವಿತ್ತು. ತಪ್ಪು ತಿದ್ದಿದರೆ ಮೂರನೆಯ ಅಂಕಿ ಏರುವುದು. ಹೊಸದೇನಾದರೂ ಸೇರಿದರೆ ಎರಡನೆಯದು. ಮೊದಲನೆಯದು ಮಾತ್ರ ಸೊನ್ನೆಯಾಗಿಯೇ ನಿಂತಿತ್ತು.

“ಅದು ನಿಮ್ಮದು, ಆಚಾರ್ಯರೇ. ವರ್ಷದ ತಿಥಿಗಳನ್ನೆಲ್ಲ ನೀವು ಕೈಲೆಕ್ಕದಲ್ಲಿ ನೋಡಿ ಒಪ್ಪಿದ ಮೇಲೆಯೇ ಸೊನ್ನೆ ಒಂದಾಗುವುದು,” ಎಂದರು ರಾಯರು ನನಗೆ.

“ಸಾರಿಗೂ ಒಂದು ನಂಬರ್ ಹಾಕಿಬಿಡಿ,” ಎಂದು ಅವರ ಪತ್ನಿ ಒಳಗಿನಿಂದ ಕೂಗಿದರು. “ಉಪ್ಪು ಮರೆತಿದ್ದೆ, ಈಗ ಹಾಕಿದ್ದೇನೆ.”

“ಹಾಗಾದರೆ ಮೂರನೆಯ ಅಂಕಿ ಕಣೇ!”

ಹತ್ತು ಮಾಸಗಳನ್ನು ಶ್ರದ್ಧೆಯಿಂದ ತಾಳೆ ನೋಡಿದೆ. ಮಾಘ, ಫಾಲ್ಗುಣ ಉಳಿದವು. ಕಣ್ಣು ಸೋತಿತ್ತು, ಮನಸ್ಸೂ... ನೋಡದೆಯೇ “ಸರಿಯಿದೆ” ಎಂದುಬಿಟ್ಟೆ. ರಾಯರು ಎದ್ದು ನಮಸ್ಕರಿಸಿ, ಸೊನ್ನೆಯನ್ನು ಒಂದು ಮಾಡಿ, ಹಾಳೆಗಳನ್ನು ಮುದ್ರಿಸಿ ಪರಿಚಿತರ ಮನೆಗಳಿಗೆ ಹಂಚಿದರು.

ಮಾಘದ ಏಕಾದಶಿಯೊಂದು ಒಂದು ದಿನ ತಡವಾಗಿ ನಮೂದಾಗಿತ್ತು. ಎಂದೂ ಉಪವಾಸ ತಪ್ಪಿಸದ ಎದುರುಮನೆಯ ವೃದ್ಧೆ ನಿಜವಾದ ಏಕಾದಶಿಯಂದೇ ಅನ್ನವುಂಡಿದ್ದರು. ದೇವಸ್ಥಾನದಲ್ಲಿ ವಿಷಯ ತಿಳಿದು, ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು.

“ಏನಪ್ಪಾ, ಈ ವಯಸ್ಸಿನಲ್ಲಿ ನನ್ನ ವ್ರತ ಕೆಡಿಸಿಬಿಟ್ಟೆಯಲ್ಲ!”

“ತಪ್ಪು ನನ್ನದಮ್ಮ,” ಎಂದು ರಾಯರು ಕೈಮುಗಿದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮರುದಿನ ಈ ಫ್ಲಾಪಿಯನ್ನು ತಂದುಕೊಟ್ಟರು. ಮೊದಲನೆಯ ಅಂಕಿ ಮತ್ತೆ ಸೊನ್ನೆಯಾಗಿತ್ತು.

“ನಿಮಗೆ ಆಯಾಸವಾಗಿತ್ತು, ಆಚಾರ್ಯರೇ. ನಿಧಾನವಾಗಿ ನೋಡಿ.”

ಅಷ್ಟೇ. ಅವರಿಗೆ ಗೊತ್ತಿತ್ತು. ಆ ಕರುಣೆಯನ್ನು ತಾಳಲಾರದೆ ನಾನು ಮತ್ತೆ ಆ ಕೆಲಸಕ್ಕೆ ಕೈಹಚ್ಚಲೇ ಇಲ್ಲ, ಅವರೂ ಕೇಳಲಿಲ್ಲ. ಕೆಲವು ವರ್ಷಗಳ ಮೇಲೆ ಕೀಲ್ಪಾಕ್‌ನ ಆಸ್ಪತ್ರೆಯೊಂದರಲ್ಲಿ ಹರಿಪಾದ ಸೇರಿದರು. ವೃದ್ಧೆ ಅದಕ್ಕೂ ಮೊದಲೇ...

ಕಳೆದ ವಾರ, ಅಂದಿನ ಹಾಳೆಯನ್ನು ಮುಂದಿಟ್ಟುಕೊಂಡು, ಉಳಿದೆರಡು ಮಾಸಗಳ ಲೆಕ್ಕ ಮುಗಿಸಿದೆ. ಆ ಒಂದೇ ತಿಥಿ ತಪ್ಪು; ಮಿಕ್ಕದ್ದೆಲ್ಲ ಸರಿ. ಎದುರುಮನೆಗೆ ಹೋಗಿ ವೃದ್ಧೆಯ ಮೊಮ್ಮಗಳಿಗೆ ಹೇಳಿದೆ: “ನಿಮ್ಮಜ್ಜಿಯ ಏಕಾದಶಿ ತಪ್ಪಿದ್ದು ನನ್ನಿಂದಮ್ಮ, ರಾಯರಿಂದಲ್ಲ.”

“ಎಂದ ರಾಯರ್, ತಾತಾ?” ಎಂದು ತಮಿಳಿನಲ್ಲಿ ಕೇಳಿದಳು. ಯಾವ ರಾಯರೆಂದು.

ಅವರ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು. ಕ್ಷಮಿಸಬೇಕಾದವರಿಬ್ಬರೂ ಅಲ್ಲಿರಲಿಲ್ಲ.